ಲೇಯರ್ ಕೂದಲಿಗೆ ಚೌರಿ ಜಡೆ ನಿಲ್ಲಿಸೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಗಳು ಭರತನಾಟ್ಯ ಕಲೀತಿದಾಳೆ, ದಸರಾಕ್ಕೆ ಕಾರ್ಯಕ್ರಮ ಇದೆ. ಅವಳದು ಲೇಯರ್ ಕಟ್, ಈಗ ಉದ್ದ ಬಿಡ್ತಿದೀವಿ. ಕೆಳಗಿನ ಕೂದಲು ಬೆನ್ನಿಗೆ ಬರುತ್ತೆ, ಮೇಲಿನ ಲೇಯರ್ ಮಾತ್ರ ಇನ್ನೂ ಗಲ್ಲದ ಹತ್ತಿರಾನೇ ಇದೆ. ತಿಂಗಳಿಗೆ ಬೆಳೆಯೋದೇ ಸುಮಾರು ಅರ್ಧ ಇಂಚು, ಅಷ್ಟರಲ್ಲಿ ಸಮ ಆಗೋ ಮಾತೇ ಇಲ್ಲ.

ಜಡೆ ಹೆಣೆಯೋಕೆ ಶುರು ಮಾಡಿ ಸ್ವಲ್ಪ ಕೆಳಗೆ ಬರೋದ್ರೊಳಗೆ ಗಿಡ್ಡ ಕೂದಲು ಮುಳ್ಳಿನ ಥರ ಹೊರಗೆ ಎದ್ದು ನಿಲ್ಲುತ್ತೆ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಕೂದಲು ಕೂರುತ್ತೆ, ಆದ್ರೆ ಚೌರಿ ಜಾರುತ್ತೆ. ಜೆಲ್ ಹಚ್ಚಿದ್ರೆ ಮುಂದುಗಡೆ ನೀಟಾಗಿರುತ್ತೆ, ಕಿವಿ ಹಿಂದಿನದು ಅಡವು (ನೃತ್ಯದ ಹೆಜ್ಜೆ) ಶುರುವಾದ ತಕ್ಷಣ ಬಿಚ್ಚಿಕೊಳ್ಳುತ್ತೆ. ಕಪ್ಪು ಪಿನ್ನನ್ನ ಅಡ್ಡಡ್ಡ ಹಾಕಿದ್ದೇ ಸ್ವಲ್ಪ ವಾಸಿ. ಪಾರ್ಲರಿನವರು ಕತ್ತರಿಸಿ ಸಮ ಮಾಡೋಣ ಅಂತಾರೆ. ಬೆಳೆಸಿದ ಉದ್ದ ಕಳೆಯೋಕೆ ಅವಳಿಗೂ ನನಗೂ ಮನಸ್ಸಿಲ್ಲ.

ಮೊದಲು ಬಿಗಿಯಾಗಿ ಜುಟ್ಟು ಕಟ್ಟಿ ಅದಕ್ಕೆ ಚೌರಿ ಸೇರಿಸಬೇಕಾ, ಇಲ್ಲ ನೆತ್ತಿಯಿಂದಲೇ ಲೇಯರ್ ಸೇರಿಸಿಕೊಂಡು ಫ್ರೆಂಚ್ ಜಡೆ ಹೆಣೆದು ಕುತ್ತಿಗೆ ಹತ್ತಿರ ಚೌರಿ ಕೂಡಿಸಬೇಕಾ? ಮೇಲೆ ಜಡೆಬಿಲ್ಲೆ, ಹೂವು, ಕುಚ್ಚು ಎಲ್ಲದರ ಭಾರಾನೂ ಇರುತ್ತೆ. ಕುಣಿಯುವಾಗ ಇವೆರಡರಲ್ಲಿ ಯಾವುದು ನಿಲ್ಲುತ್ತೆ? ಮಾಡಿ ನೋಡಿರೋರು ದಯವಿಟ್ಟು ಹೇಳಿ.