ಪದಚರ್ಚೆ: ಗಾಲಿ ‘ಕೂರುತ್ತದೆ’ ಎಂದಾಗ ಯಾವುದು ಎಲ್ಲಿ ಕೂರುತ್ತದೆ?

ಹಳೆಯ ವಾಹನಗಳನ್ನು ಬಿಡದೆ ಓಡಿಸುತ್ತಿರುವವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದ್ದು, ಅದರಲ್ಲಿ ಬೇರೊಂದು ವಾಹನದ ಗಾಲಿಗಳನ್ನು ತಂದು ಹಾಕಿಕೊಳ್ಳುವ ವಿಷಯದ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಮುಖ್ಯ ಉದಾಹರಣೆಯಾಗಿ ಮಾರುತಿ ಜಿಪ್ಸಿಯನ್ನು ಆರಿಸಿಕೊಂಡಿದ್ದೇನೆ. 1985ರಲ್ಲಿ ಹೊರಬಂದ ಈ ವಾಹನದ ತಯಾರಿಕೆ ನಿಂತು ವರ್ಷಗಳಾದರೂ ಮಲೆನಾಡಿನ ತೋಟದ ದಾರಿಗಳಲ್ಲಿ ಅದು ಇನ್ನೂ ಓಡುತ್ತಿದೆ. 2023ರಲ್ಲಿ ಮಾರುತಿಯದೇ ಐದು ಬಾಗಿಲಿನ ಜಿಮ್ನಿ ನಮ್ಮಲ್ಲಿ ಮಾರಾಟಕ್ಕೆ ಬಂದ ಮೇಲೆ ಅದರ ಗಾಲಿಗಳನ್ನು ಜಿಪ್ಸಿಗೆ ಹಾಕಿಸಬಹುದೇ ಎಂದು ಕೇಳುವವರಿದ್ದಾರೆ. ಈ ಅಧ್ಯಾಯಕ್ಕೆ ಬೇಕಾದ ಪಾರಿಭಾಷಿಕ ಪದಗಳನ್ನು ಹೇಗೋ ಹೊಂದಿಸಿಕೊಂಡೆ. ಆದರೆ ದಿನಬಳಕೆಯ ಒಂದು ಕ್ರಿಯಾಪದ, ‘ಕೂರು’, ನನ್ನನ್ನು ತಡೆದು ನಿಲ್ಲಿಸಿದೆ. ಅದರ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಶಿವಾಜಿನಗರದ ಗುಜರಿಯಲ್ಲಾಗಲಿ ಈ ವ್ಯವಹಾರ ನಡೆಯುವುದು ಎರಡೇ ವಾಕ್ಯಗಳಲ್ಲಿ. ‘ಅಣ್ಣಾ, ಜಿಮ್ನಿ ಡಿಸ್ಕು ಜಿಪ್ಸಿಗೆ ಕೂರುತ್ತಾ?’ ಎಂದು ಕೊಳ್ಳುವವನು ಕೇಳುತ್ತಾನೆ (ಡಿಸ್ಕು ಎಂದರೆ ಇಲ್ಲಿ ಟಯರಿಲ್ಲದ ಗಾಲಿ). ‘ಆರಾಮಾಗಿ ಕೂರುತ್ತೆ ಸಾರ್’ ಎಂದು ಅಂಗಡಿಯವರು ಉತ್ತರಿಸುತ್ತಾರೆ. ಇಬ್ಬರೂ ಒಂದೇ ಪದ ಆಡಿದ್ದಾರೆ, ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಇಬ್ಬರ ಮನಸ್ಸಿನಲ್ಲಿರುವ ಅರ್ಥ ಬೇರೆಬೇರೆಯಾಗಿರಬಹುದು. ಅಂಗಡಿಯವರು ‘ಕೂರುತ್ತೆ’ ಎಂದಾಗ ಸಾಮಾನ್ಯವಾಗಿ ಅದರ ಅರ್ಥ ‘ತೂತುಗಳು ಸ್ಟಡ್ಡುಗಳಿಗೆ (ನಟ್ಟು ಬಿಗಿಯಲೆಂದು ವಾಹನದಿಂದ ಹೊರಚಾಚಿದ ತಿರುಪುಕಡ್ಡಿಗಳಿಗೆ) ಸರಿಹೋಗುತ್ತವೆ, ನಟ್ಟು ಬಿಗಿಯಬಹುದು’ ಎಂಬಷ್ಟೇ. ಕೊಳ್ಳುವವನು ಕೇಳಿದ್ದು ‘ಇದನ್ನು ಹಾಕಿಕೊಂಡು ಚಾರ್ಮಾಡಿ ಘಾಟಿ ಇಳಿಯಬಹುದೇ’ ಎಂಬುದನ್ನು.

ಈ ಒಂದು ‘ಕೂರು’ವಿನೊಳಗೆ ಕನಿಷ್ಠ ಮೂರು ಬೇರೆ ಸಂಗತಿಗಳಿವೆ ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದು ತೂತುಗಳ ಹೊಂದಿಕೆ. ಬೋಲ್ಟು ಅಥವಾ ಸ್ಟಡ್ಡುಗಳ ನಡುಬಿಂದುಗಳನ್ನು ಸೇರಿಸಿ ಎಳೆದ ವೃತ್ತದ ವ್ಯಾಸವನ್ನು ಗ್ಯಾರೇಜುಗಳಲ್ಲಿ ‘ಪಿಸಿಡಿ’ ಎನ್ನುತ್ತಾರೆ. ಆ ಮೂರಕ್ಷರಗಳ ವಿಸ್ತರಣೆ ಗೊತ್ತಿಲ್ಲದವರೂ ‘ನಾಲ್ಕು ಹೋಲು, ನೂರರ ಪಿಸಿಡಿ’ ಎಂದು ತಪ್ಪಿಲ್ಲದೆ ಹೇಳುತ್ತಾರೆ. ಜಿಪ್ಸಿಗೂ ಜಿಮ್ನಿಗೂ ಐದು ತೂತು, 139.7 ಮಿ.ಮೀ. ಪಿಸಿಡಿ. ದಶಮಾಂಶ ಹೊತ್ತ ಈ ವಿಚಿತ್ರ ಸಂಖ್ಯೆ ಮೂಲದಲ್ಲಿ ಐದೂವರೆ ಅಂಗುಲ. ಮಾರುತಿ 800ರ 114.3 ಕೂಡ ಹಾಗೆಯೇ ನಾಲ್ಕೂವರೆ ಅಂಗುಲ. ವಿಲ್ಲೀಸ್ ಜೀಪಿನದೂ ಐದು ತೂತಿನ ಐದೂವರೆ ಅಂಗುಲವೇ ಆದ್ದರಿಂದ ಹಳೆಯ ಜೀಪಿನ ಗಾಲಿ ಜಿಪ್ಸಿಗೆ ‘ಕೂರುತ್ತದೆ’ ಎಂಬ ಮಾತು ಜಿಮ್ನಿ ಬರುವುದಕ್ಕೆ ಬಹಳ ಮೊದಲೇ ಚಾಲ್ತಿಯಲ್ಲಿತ್ತು. ನಾಲ್ಕು ತೂತಿನ ಗಾಲಿಯಲ್ಲಿ ಎದುರುಬದುರಿನ ತೂತುಗಳ ನಡುವೆ ಟೇಪು ಹಿಡಿದರೆ ಅಳತೆ ಸಿಗುತ್ತದೆ. ಐದು ತೂತಿದ್ದಾಗ ಒಂದರ ಎದುರಿಗೆ ಇನ್ನೊಂದು ಇರುವುದಿಲ್ಲವಾದ್ದರಿಂದ ಅಕ್ಕಪಕ್ಕದ ಎರಡು ತೂತುಗಳ ನಡುವಿನ ದೂರವನ್ನು ಅಳೆದು 1.701ರಿಂದ ಗುಣಿಸಬೇಕು, ಜಿಪ್ಸಿಯಲ್ಲಿ ಆ ದೂರ 82 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಈ ವಿವರಣೆಯ ಉದ್ದಕ್ಕೂ ‘ಕೂರು’ ಎನ್ನುವ ಬದಲು ‘ತೂತುಗಳು ಹೊಂದುತ್ತವೆ’ ಎಂದು ಬರೆದಿದ್ದೇನೆ.

ಇಲ್ಲಿ ‘ಹೊಂದು’ ಎಂಬುದೂ ಪೂರ್ತಿ ಸುರಕ್ಷಿತವಲ್ಲ ಎಂಬುದಕ್ಕೆ ಫಿಯೆಟ್ ಕಾರುಗಳು ಸಾಕ್ಷಿ. ಪಾಲಿಯೊ, ಪುಂಟೊ, ಲಿನಿಯಾಗಳ ಪಿಸಿಡಿ ನಾಲ್ಕು ತೂತಿಗೆ 98. ಹೋಂಡಾ ಸಿಟಿ, ಹ್ಯುಂಡೈ ಐ20, ಟೊಯೊಟಾ ಎಟಿಯೋಸ್‌ಗಳದು 100. ಮಾರುಕಟ್ಟೆಯಲ್ಲಿ ನೂರರ ಅಲಾಯ್ (ಮಿಶ್ರಲೋಹದ ಗಾಲಿ) ಎಷ್ಟು ಬೇಕಾದರೂ ಸಿಗುತ್ತದೆ, ತೊಂಬತ್ತೆಂಟರದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ವ್ಯಾಸದಲ್ಲಿ ಎರಡು ಮಿ.ಮೀ. ವ್ಯತ್ಯಾಸವೆಂದರೆ ಪ್ರತಿ ತೂತೂ ತನ್ನ ಜಾಗದಿಂದ ಒಂದು ಮಿ.ಮೀ. ಆಚೆಗಿದೆ ಎಂದರ್ಥ. ಪಾನಾ ಹಾಕಿ ಬಲವಾಗಿ ತಿರುಗಿಸಿದರೆ ಬೋಲ್ಟು ಹೋಗಿಬಿಡುತ್ತದೆ, ಮತ್ತು ಅದೇ ಇಲ್ಲಿನ ಅಪಾಯ. ಮೊದಲು ಬಿಗಿದ ಬೋಲ್ಟು ಗಾಲಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ; ಉಳಿದವು ಓರೆಯಾಗಿ ಒತ್ತಿಕೊಂಡು ನಿಲ್ಲುತ್ತವೆ; ನಿಂತ ಕಾರಿನಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹೆದ್ದಾರಿಯಲ್ಲಿ ವೇಗ ಏರಿದಾಗ ಸ್ಟೇರಿಂಗು ನಡುಗಲು ತೊಡಗುತ್ತದೆ, ಬೋಲ್ಟುಗಳು ದಣಿದು ಸಡಿಲವಾಗುತ್ತವೆ. ಈ ಎರಡು ಮಿ.ಮೀ. ಸರಿದೂಗಿಸಲೆಂದೇ ತಲೆಯ ಕೆಳಗಿನ ಬಳೆ ಅಲುಗಾಡುವ ‘ವಾಬಲ್ ಬೋಲ್ಟು’ಗಳಿವೆ. ಅವಿಲ್ಲದೆ ಬಿಗಿದದ್ದನ್ನೂ ‘ಕೂತಿದೆ’ ಎಂದೇ ಕರೆಯುವುದರಿಂದ, ಬಿಗಿಯಲು ಸಾಧ್ಯವಾಗುವುದಕ್ಕೂ ಹೊಂದುವುದಕ್ಕೂ ನಡುವೆ ಬರಹದಲ್ಲಾದರೂ ಗೆರೆ ಎಳೆಯಬೇಕಾಗಿದೆ.

ಎರಡನೆಯ ಸಂಗತಿಯೇ ನನ್ನ ಮಟ್ಟಿಗೆ ನಿಜವಾದ ‘ಕೂರುವಿಕೆ’. ಗಾಲಿಯ ನಡುವಿನ ದೊಡ್ಡ ತೂತು ವಾಹನದ ‘ಹಬ್ಬು’, ಅಂದರೆ ಗಾಲಿಯನ್ನು ಬಿಗಿಯುವ ತಿರುಗುವ ಭಾಗ, ಅದರ ಅಂಚಿನ ಮೇಲೆ ಬಂದು ಕೂರಬೇಕು. ಬಡಗಿ ‘ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಿದೆ’ ಎನ್ನುವಾಗ ಇರುವ ಅರ್ಥ ಇಲ್ಲಿ ಯಥಾವತ್ತಾಗಿ ಒಪ್ಪುತ್ತದೆ: ಒಂದರ ಅಂಚು ಇನ್ನೊಂದರ ಅಂಚಿಗೆ ಸಂದಿಲ್ಲದೆ, ಬಲವಂತವಿಲ್ಲದೆ ಸೇರಬೇಕು. ಜಿಪ್ಸಿ ಮತ್ತು ಜಿಮ್ನಿ ಎರಡರಲ್ಲೂ ಈ ನಡುತೂತಿನ ವ್ಯಾಸ 108 ಮಿ.ಮೀ. ಆಗಿರುವುದರಿಂದ ಅಲ್ಲಿ ತೊಂದರೆಯಿಲ್ಲ. ರಷ್ಯಾದ ಲಾಡಾ ನಿವಾ ವಾಹನದ್ದೂ ಐದು ತೂತು, 139.7 ಪಿಸಿಡಿಯೇ, ಆದರೆ ಅದರ ನಡುತೂತು ಸುಮಾರು 98 ಮಿ.ಮೀ. ಆದ್ದರಿಂದ ಅದರ ಗಾಲಿ ಜಿಮ್ನಿಯ ಹಬ್ಬಿನ ಮೇಲೆ ಹತ್ತುವುದೇ ಇಲ್ಲ. ಅಂದರೆ ತೂತುಗಳು ಹೊಂದಿಯೂ ಗಾಲಿ ಕೂರದಿರಬಹುದು. ನಡುತೂತು ದೊಡ್ಡದಾದರೆ ಕಥೆ ತಿರುಗುಮುರುಗಾಗುತ್ತದೆ: ಗಾಲಿ ಹತ್ತುತ್ತದೆ, ನಟ್ಟೂ ಬಿಗಿಯುತ್ತದೆ, ಆದರೆ ಸುತ್ತ ಸಂದಿ ಉಳಿದು ಗಾಲಿಯನ್ನು ನಟ್ಟುಗಳಷ್ಟೇ ನಡುವಿಗೆ ಹಿಡಿದಿಡಬೇಕಾಗುತ್ತದೆ. ಹೋಂಡಾದ 56.1 ಮಿ.ಮೀ. ನಡುತೂತಿನ ಗಾಲಿಯನ್ನು ಹ್ಯುಂಡೈ ಐ20ರ 54.1 ಮಿ.ಮೀ. ಹಬ್ಬಿಗೆ ಹಾಕಿದಾಗ ಹೀಗಾಗುತ್ತದೆ. ಆ ಸಂದಿಗೆ ಉಂಗುರವೊಂದನ್ನು ಹಾಕಬೇಕು. ಅದನ್ನು ‘ಹಬ್ ರಿಂಗ್’ ಎನ್ನುತ್ತಾರಾದರೂ ‘ಹಬ್ಬಿನ ಉಂಗುರ’ ಎಂದರೆ ಯಾರಿಗೂ ತೊಡಕಾಗದು.

ನಟ್ಟಿನ ಕೂರುವಿಕೆ ಇದರ ಉಪಕಥೆ. ನಟ್ಟಿನ ಮೂತಿ ಕೆಲವು ಗಾಲಿಗಳಲ್ಲಿ ಶಂಕುವಿನಂತೆ, ಹೋಂಡಾದ ಕಾರ್ಖಾನೆಯ ಗಾಲಿಗಳಲ್ಲಿ ಚೆಂಡಿನಂತೆ, ಟೊಯೊಟಾದ ಹಲವು ಅಲಾಯ್‌ಗಳಲ್ಲಿ ಚಪ್ಪಟೆ ವಾಷರಿನೊಂದಿಗೆ ಇರುತ್ತದೆ. ಗಾಲಿಯ ಗುಳಿಯ ಆಕಾರ ಒಂದು, ನಟ್ಟಿನ ಮೂತಿಯ ಆಕಾರ ಇನ್ನೊಂದು ಆದರೆ ಸ್ಪರ್ಶ ಒಂದು ತೆಳುಗೆರೆಯಲ್ಲಿ ಮಾತ್ರ ಆಗುತ್ತದೆ. ಮೆಕ್ಯಾನಿಕ್ಕುಗಳು ಈ ಗುಳಿಯನ್ನು ‘ಸೀಟಿಂಗ್’ ಎನ್ನುತ್ತಾರೆ. ‘ಆಸನ’, ‘ಪೀಠ’ ಎರಡೂ ಇಲ್ಲಿ ಹಾಸ್ಯಾಸ್ಪದವಾಗಿ ಕೇಳಿಸುತ್ತವೆ; ಸದ್ಯಕ್ಕೆ ‘ನಟ್ಟಿನ ಗುಳಿ’ ಎಂದು ಬರೆದಿದ್ದೇನೆ.

ಮೂರನೆಯದು ಗಾಲಿ ತಿರುಗುವಾಗ ಎಲ್ಲಿಯೂ ತಾಗದಿರುವುದು. ಸ್ಟೇರಿಂಗನ್ನು ಪೂರಾ ಕಟ್ ಹೊಡೆದಾಗ, ಹಿಂದೆ ನಾಲ್ಕು ಜನ ಕೂತು ಹಳ್ಳ ಹಾರಿದಾಗ, ಟಯರು ಮಡ್‌ಗಾರ್ಡಿಗೋ ಮುಂದಿನ ಲೀಫ್ ಸ್ಪ್ರಿಂಗಿಗೋ ಉಜ್ಜುತ್ತದೆಯೇ ಎಂಬುದು ಅಂಗಡಿಯ ಮುಂದೆ ನಿಂತ ವಾಹನದಲ್ಲಿ ತಿಳಿಯುವುದಿಲ್ಲ. ಜಿಪ್ಸಿಯ ‘ಕಿಂಗ್’ ಮಾದರಿಯ ಟಯರು 205/70 ಆರ್15 (ಮಿ.ಮೀ.ಗಳಲ್ಲಿ ಅಗಲ, ಆ ಅಗಲದ ಶೇಕಡಾವಾರಾಗಿ ಪಕ್ಕದ ಎತ್ತರ, ಅಂಗುಲಗಳಲ್ಲಿ ರಿಮ್ಮಿನ ವ್ಯಾಸ). ಜಿಮ್ನಿಯದು 195/80 ಆರ್15. ಲೆಕ್ಕ ಹಾಕಿದರೆ ಮೊದಲನೆಯದರ ಎತ್ತರ 668 ಮಿ.ಮೀ., ಎರಡನೆಯದರದು 693. ಗಾಲಿಯ ಜೊತೆಗೆ ಜಿಮ್ನಿಯ ಟಯರೂ ಬಂದರೆ ಜಿಪ್ಸಿ ಸುಮಾರು 12 ಮಿ.ಮೀ. ಎತ್ತರವಾಗುತ್ತದೆ, ಮತ್ತು ಮೀಟರು 80 ತೋರಿಸುವಾಗ ವಾಹನ 83ರಲ್ಲಿ ಓಡುತ್ತಿರುತ್ತದೆ. ಇದನ್ನು ‘ಕೂರುತ್ತದೆ’ ಎಂಬ ಪದ ಯಾವ ರೀತಿಯಲ್ಲೂ ಹೊರಲಾರದು. ‘ಉಜ್ಜದೆ ತಿರುಗುತ್ತದೆ’ ಎಂದು ಬಿಡಿಸಿ ಬರೆಯುವುದೇ ವಾಸಿ.

ಹಾಗಾದರೆ ಮೂರಕ್ಕೂ ಸೇರಿ ಒಟ್ಟಾರೆಯಾಗಿ ಬಳಸುವ ಕ್ರಿಯಾಪದ ಯಾವುದು? ಪತ್ರಿಕೆಗಳ ಕನ್ನಡ ‘ಅಳವಡಿಸು’ ಎನ್ನುತ್ತದೆ. ‘ಅಳವು’ ಎಂದರೆ ಅಳತೆ, ಶಕ್ತಿ, ಮಿತಿ. ‘ಅಳವಡು’ ಎಂದರೆ ಹಳಗನ್ನಡದಲ್ಲಿ ಹೊಂದು, ಒಗ್ಗು, ತಕ್ಕುದಾಗು. ಅಳತೆಗೆ ಒಳಪಟ್ಟು ಹೊಂದುವುದೆಂಬ ಆ ಅರ್ಥ ನಮಗೆ ಬೇಕಾದದ್ದೇ ಆಗಿತ್ತು. ಆದರೆ ಸಿಸಿಟಿವಿ ಕ್ಯಾಮೆರಾ ಅಳವಡಿಸಿ, ನಂಬರ್ ಪ್ಲೇಟ್ ಅಳವಡಿಸಿ, ಫ್ಲೆಕ್ಸ್ ಅಳವಡಿಸಿ ಎಂದು ಸವೆದು ಸವೆದು ಇಂದು ‘ಅಳವಡಿಸು’ ಎಂದರೆ ‘ತಂದು ಸಿಕ್ಕಿಸು’ ಎಂದಷ್ಟೇ ಆಗಿದೆ. ತಂತ್ರಾಂಶದವರು ಬಳಸುವ ‘ಹೊಂದಾಣಿಕೆಯಾಗುತ್ತದೆ’ ಎಂಬುದರಲ್ಲಿ ರಾಜಿಯ ವಾಸನೆಯಿದೆ. ಗಾಲಿಯ ವಿಷಯದಲ್ಲಿ ರಾಜಿ ಆಗಬಾರದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. ‘ಒಗ್ಗುತ್ತದೆ’ ನನಗೆ ಇಷ್ಟವಾದ ಪದ. ನೀರು ಒಗ್ಗುವುದು, ಹವೆ ಒಗ್ಗುವುದು ಎಂಬಲ್ಲಿರುವಂತೆ ಅದು ಮೊದಲ ದಿನದ ಮಾತಲ್ಲ, ಸ್ವಲ್ಪ ಕಾಲ ಬಳಸಿದ ಮೇಲಿನ ಮಾತು, ಹೀಗಾಗಿ ಮೂರನೆಯ ಸಂಗತಿಯನ್ನೂ ಒಳಗೊಳ್ಳುತ್ತದೆ. ಆದರೆ ಕಬ್ಬಿಣಕ್ಕೆ ಕಬ್ಬಿಣ ಒಗ್ಗುತ್ತದೆ ಎಂದರೆ ಓದುಗರು ಒಪ್ಪುತ್ತಾರೆಯೇ ಎಂಬುದರ ಬಗ್ಗೆ ಅನುಮಾನವಿದೆ.

ಉತ್ತರ ಕರ್ನಾಟಕದ ಗ್ಯಾರೇಜುಗಳಲ್ಲಿ ‘ಬರೋಬ್ಬರಿ ಕುಂತೈತಿ’ ಎನ್ನುವುದನ್ನು ಕೇಳಿದ್ದೇನೆ. ಅಲ್ಲಿ ‘ಬರೋಬ್ಬರಿ’ ಎಂಬುದು ಬರಿಯ ಒತ್ತಿಗಾಗಿ ಬಂದಿದೆಯೋ, ಅಥವಾ ‘ಕುಂತೈತಿ’ ಎಂದಷ್ಟೇ ಹೇಳಿದರೆ ತೂತುಗಳ ಹೊಂದಿಕೆ, ‘ಬರೋಬ್ಬರಿ’ ಸೇರಿದರೆ ಹಬ್ಬಿನ ಮೇಲಿನ ನಿಜವಾದ ಕೂರುವಿಕೆ ಎಂಬ ಭೇದ ಆಡುಮಾತಿನಲ್ಲಿ ಇದೆಯೋ ಎಂಬುದನ್ನು ಆ ಕಡೆಯವರು ತಿಳಿಸಬೇಕು. ಭೇದ ಇದ್ದರೆ ಹೊಸ ಪದ ಕಟ್ಟುವ ಅಗತ್ಯವೇ ಇರುವುದಿಲ್ಲ.

ನಾಮಪದಗಳ ಬಗ್ಗೆಯೂ ಒಂದೆರಡು ಮಾತು. ಸೈಕಲ್ ಅಂಗಡಿಯಲ್ಲಿ ‘ರಿಮ್ಮು’ ಎಂದರೆ ಕಡ್ಡಿಗಳು ಬಂದು ಸೇರುವ ಹೊರಬಳೆ ಮಾತ್ರ; ಕಾರಿನ ಅಂಗಡಿಯಲ್ಲಿ ಟಯರು ಬಿಚ್ಚಿದ ಇಡೀ ಗಾಲಿಯೇ ರಿಮ್ಮು ಅಥವಾ ಡಿಸ್ಕು. ‘ಡಿಸ್ಕು’ ಎಂದರೆ ಬ್ರೇಕಿನ ಬಿಲ್ಲೆಯೂ ಆಗುವುದರಿಂದ ಬರಹದಲ್ಲಿ ಅದನ್ನು ಬಿಟ್ಟು, ಟಯರು ಸಹಿತವಾದದ್ದನ್ನು ‘ಗಾಲಿ’ ಎಂದೂ ಟಯರಿಲ್ಲದ್ದನ್ನು ‘ರಿಮ್ಮು’ ಎಂದೂ ಇಟ್ಟುಕೊಳ್ಳುವ ಯೋಚನೆಯಿದೆ. ‘ಸ್ಟೆಪ್ನಿ’ಯನ್ನು ಮುಟ್ಟುವುದಿಲ್ಲ. ವೇಲ್ಸ್‌ನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಿಂದ ಹುಟ್ಟಿದ ಆ ಹೆಸರು ಅಲ್ಲಿನವರ ಬಾಯಲ್ಲಿ ಹೆಚ್ಚುಕಡಿಮೆ ಮರೆಯಾಗಿ, ನಮ್ಮಲ್ಲಿ ಲಾರಿ ಕ್ಲೀನರಿನಿಂದ ಹಿಡಿದು ಎಲ್ಲರ ಬಾಯಲ್ಲೂ ಉಳಿದಿದೆ. 1904ರಲ್ಲಿ ಬಂದ ಆ ಮೂಲ ಸಾಧನ, ಗಾಳಿ ತುಂಬಿದ ಟಯರುಳ್ಳ ಕಡ್ಡಿಗಳಿಲ್ಲದ ಬಳೆಯಾಗಿದ್ದು, ಪಂಕ್ಚರಾದ ಗಾಲಿಯನ್ನು ಬಿಚ್ಚದೆಯೇ ಅದರ ಮಗ್ಗುಲಿಗೆ ಕಚ್ಚಿಸುವಂಥದ್ದು; ನಮ್ಮ ಅಧ್ಯಾಯದ ವಿಷಯಕ್ಕೆ ಅದೇ ಮೂಲಪುರುಷ ಎನ್ನಬಹುದು.

‘ಹಬ್ಬು’ ಎಂಬಲ್ಲಿ ಎತ್ತಿನ ಗಾಡಿಯ ಗಾಲಿಯ ನಡುಗಟ್ಟಿಯಾದ ‘ಗುಂಬ’ವನ್ನು ಬಳಸಬೇಕೆಂಬ ಸಲಹೆ ಕೈಪಿಡಿಯ ತಂಡದಲ್ಲೇ ಬಂದಿತ್ತು. ಕಡಾಣಿ, ಅಚ್ಚು, ಹಳಿ ಮೊದಲಾದ ಗಾಡಿಯ ಪದಗಳ ಮೇಲೆ ನನಗೂ ಅಕ್ಕರೆಯಿದೆ. ಆದರೂ ಇದಕ್ಕೆ ನಾನು ಒಪ್ಪಲಿಲ್ಲ. ಗಾಡಿಯ ಕಡಾಣಿ ಕಿತ್ತು ಗಾಲಿಯನ್ನು ಎಳೆದರೆ ಗುಂಬ ಗಾಲಿಯ ಜೊತೆಗೇ ಬರುತ್ತದೆ, ಅದು ಗಾಲಿಯ ಅಂಗ. ಕಾರಿನ ಗಾಲಿ ಬಿಚ್ಚಿದಾಗ ಹಬ್ಬು ವಾಹನದ ಕಡೆಗೇ ಉಳಿಯುತ್ತದೆ. ಬೇರೆ ವಾಹನದ ಗಾಲಿ ಹಾಕುವ ಪ್ರಶ್ನೆ ಇಡಿಯಾಗಿ ನಿಂತಿರುವುದು ಈ ಜೋಡಣೆಯ ಜಾಗದ ಮೇಲೆಯೇ ಆದ್ದರಿಂದ, ಜೋಡಣೆಯ ಯಾವ ಬದಿಯ ಭಾಗವೆಂಬುದನ್ನು ಮರೆಸುವ ಪದ ಎಷ್ಟು ಚೆಲುವಾಗಿದ್ದರೂ ಇಲ್ಲಿ ಬೇಡ.

ನಿಜವಾಗಿ ಪದವಿಲ್ಲದೆ ಸಿಕ್ಕಿಹಾಕಿಕೊಂಡಿರುವುದು ‘ಆಫ್‌ಸೆಟ್’ ಹತ್ತಿರ. ರಿಮ್ಮಿನ ಅಗಲದ ನಡುಗೆರೆಯಿಂದ, ಹಬ್ಬಿಗೆ ಒತ್ತಿಕೊಳ್ಳುವ ಮುಖ ಎಷ್ಟು ದೂರದಲ್ಲಿದೆ ಎಂಬ ಅಳತೆ ಅದು. ಆ ಮುಖ ಬೀದಿಯ ಕಡೆಗೆ ಸರಿದಿದ್ದರೆ ಆಫ್‌ಸೆಟ್ ಧನ, ಆಗ ಗಾಲಿ ವಾಹನದ ಒಳಕ್ಕೆ ಹೋಗುತ್ತದೆ. ಒಳಗಡೆಗೆ ಸರಿದಿದ್ದರೆ ಋಣ, ಆಗ ಗಾಲಿ ಹೊರಚಾಚುತ್ತದೆ. 45 ಇದ್ದ ಜಾಗಕ್ಕೆ 35ರ ರಿಮ್ಮು ಹಾಕಿದರೆ ಗಾಲಿ ಹತ್ತು ಮಿ.ಮೀ. ಹೊರಬರುತ್ತದೆ ಎಂಬುದು ಮೊದಲ ಸಲ ಓದುವವರಿಗೆ ತಲೆಕೆಳಗಾಗಿ ಕಾಣುತ್ತದೆ. ಗ್ಯಾರೇಜಿನವರು ಸಂಖ್ಯೆಯ ಗೊಡವೆಗೆ ಹೋಗದೆ ‘ವೀಲು ಹೊರಗೆ ಬರುತ್ತೆ’, ‘ಒಳಗೆ ಹೋಗುತ್ತೆ’ ಎನ್ನುತ್ತಾರೆ. ಇದನ್ನೇ ಹಿಡಿದು ಧನಕ್ಕೆ ‘ಒಳಸರಿತ’, ಋಣಕ್ಕೆ ‘ಹೊರಸರಿತ’ ಎಂದು ಬರೆದರೆ ಹೇಗೆ? ಲಾಭವೆಂದರೆ ಗಾಲಿ ಯಾವ ಕಡೆಗೆ ಹೋಗುತ್ತದೆ ಎಂಬುದು ಪದದಲ್ಲೇ ಇದೆ. ತೊಡಕೆಂದರೆ ರಿಮ್ಮಿನ ಒಳಗೆ ಒತ್ತಿರುವ ಅಕ್ಷರಗಳಲ್ಲಿ ‘ಇಟಿ 45’ (‘ಇಟಿ’ ಎಂದರೆ ಆಫ್‌ಸೆಟ್‌ನ ಗುರುತು) ಎಂದಿರುತ್ತದೆಯೇ ಹೊರತು ಒಳ–ಹೊರ ಎಂದಿರುವುದಿಲ್ಲ, ಹಾಗಾಗಿ ಓದುಗರು ಎರಡನ್ನೂ ಕಲಿಯಬೇಕಾಗುತ್ತದೆ.

ಕೊನೆಯದಾಗಿ, ಇಡೀ ಕೆಲಸಕ್ಕೆ ‘ಮಾರ್ಪಾಡು’ ಎಂಬ ಪದವನ್ನು ಅಧ್ಯಾಯದ ಶೀರ್ಷಿಕೆಯಲ್ಲಿ ಬಳಸಲು ಹಿಂಜರಿಯುತ್ತಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕಾನೂನಿನ ಬಿಗಿಯಾದ ಅರ್ಥವಿರುವ ಆ ಪದವನ್ನು ನಾಲ್ಕು ಗಾಲಿ ಬದಲಿಸುವುದಕ್ಕೆಲ್ಲ ಹಚ್ಚಿದರೆ ಓದುಗರು ಸುಮ್ಮನೆ ಗಾಬರಿಯಾಗಬಹುದು, ‘ಬದಲಾವಣೆ’ ಎಂದರೆ ಕಾನೂನಿನ ಎಚ್ಚರವೇ ತಪ್ಪಿಹೋಗಬಹುದು. ಸಾರಿಗೆ ಇಲಾಖೆಯ ಕನ್ನಡ ಪತ್ರವ್ಯವಹಾರದ ಪರಿಚಯವಿರುವವರು, ಅಲ್ಲಿ ಈ ಎರಡು ಪದಗಳ ನಡುವೆ ಭೇದ ಮಾಡುತ್ತಾರೆಯೇ ಎಂಬುದನ್ನು ‘ಬರೋಬ್ಬರಿ ಕುಂತೈತಿ’ಯ ವಿಚಾರದ ಜೊತೆಗೇ ತಿಳಿಸಿದರೆ ಅಧ್ಯಾಯದ ಕರಡನ್ನು ಮುಂದಕ್ಕೆ ಕಳಿಸುವೆ.