ಅಪ್‌ಡೇಟ್: ದಿನಸಿ ಖರ್ಚಿಗೆ ಗಿಫ್ಟ್ ಕಾರ್ಡ್ ಬಳಸಿ ನೋಡಿದೆ

ತಿಂಗಳಿಗೆ ಸುಮಾರು 8,000 ರೂಪಾಯಿ ತಗಲುವ ನಮ್ಮ ಮನೆಯ ದಿನಸಿ ಖರ್ಚನ್ನು ಗಿಫ್ಟ್ ಕಾರ್ಡ್‌ಗಳ ಮೂಲಕ ತಗ್ಗಿಸಬಹುದೇ ಎಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಬ್ಯಾಂಕಿನ ರಿವಾರ್ಡ್ ಪುಟದಲ್ಲಿ ರಿಯಾಯಿತಿಗೆ ಸಿಗುವ ಸೂಪರ್‌ಮಾರ್ಕೆಟ್ ವೋಚರ್ ಕೊಳ್ಳಿ ಎಂಬ ಸಲಹೆಯೇ ಕೈಹಿಡಿಯಿತು. ಶೇ 4ರ ರಿಯಾಯಿತಿಯಲ್ಲಿ 8,000 ರೂಪಾಯಿಯ ವೋಚರ್‌ಗಳು 7,680ಕ್ಕೆ ದೊರೆತವು. ಕೌಂಟರಿನಲ್ಲಿ ಕಾರ್ಡ್ ಸಂಖ್ಯೆಯನ್ನೂ ಪಿನ್ನನ್ನೂ ಒಂದೊಂದೇ ಅಂಕಿಯಾಗಿ ಓದಿ ಹೇಳುವಷ್ಟರಲ್ಲಿ ಹಿಂದಿನ ಸಾಲು ಬೆಳೆದಿತ್ತಾದರೂ, ಅಕ್ಕಿ, ತೊಗರಿಬೇಳೆ, ಎಣ್ಣೆಯ ಮೇಲಿದ್ದ ಅಂಗಡಿಯ ಕೊಡುಗೆಗಳು ಹಾಗೆಯೇ ಉಳಿದದ್ದು ನಿಜಕ್ಕೂ ಸಂತೋಷ ತಂದಿತು.

ಸಮೀಕ್ಷೆ ತುಂಬಿ ಅಂಕ ಗಳಿಸುವ ಆ್ಯಪ್ ಬಳಸಿ ಎಂಬ ಇನ್ನೊಂದು ಸಲಹೆ ಮಾತ್ರ ಫಲಿಸಲಿಲ್ಲ; ಇಪ್ಪತ್ತು ನಿಮಿಷ ಉತ್ತರಿಸಿದ ಬಳಿಕ ‘ನೀವು ಅರ್ಹರಲ್ಲ’ ಎಂಬ ಸಂದೇಶ ಎರಡು ಬಾರಿ ಬಂದಿತು.

ನನಗೆ ಗೊತ್ತಿರದಿದ್ದ ಸಂಗತಿಯೊಂದಿದೆ. ಬೇರೆ ಬೇರೆ ಅಂಗಡಿಗಳಲ್ಲಿ ನಡೆಯುವ ಪ್ರೀಪೇಯ್ಡ್ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನವು 10,000 ರೂಪಾಯಿಯ ಮಿತಿಯನ್ನೂ ಕನಿಷ್ಠ ಒಂದು ವರ್ಷದ ಅವಧಿಯನ್ನೂ ಗೊತ್ತುಪಡಿಸಿದೆ. ಆದರೆ ಒಂದೇ ಸಂಸ್ಥೆಯು ತನ್ನ ಮಳಿಗೆಗಳಿಗಷ್ಟೇ ನೀಡುವ ಕಾರ್ಡ್ ಆ ನಿಯಮಕ್ಕೆ ಒಳಪಡುವುದಿಲ್ಲ. ನನ್ನ ಸೂಪರ್‌ಮಾರ್ಕೆಟ್ ವೋಚರ್‌ಗಳೂ ಈ ಬಗೆಯವೇ; ಅವುಗಳ ಅವಧಿ ಆರೇ ತಿಂಗಳು. ಆದ್ದರಿಂದ ರಿಯಾಯಿತಿ ಎಷ್ಟೇ ಇದ್ದರೂ ಒಂದು ತಿಂಗಳಿಗೆ ಬೇಕಾದಷ್ಟನ್ನೇ ಕೊಳ್ಳುತ್ತಿದ್ದೇನೆ.