‘ದಿ ರೇಡ್’: ಕಡಿಮೆ ಖರ್ಚಿನ ಈ ಹೊಡೆದಾಟದ ಚಿತ್ರಕ್ಕೆ ಕಥೆಯೇ ಇಲ್ಲ ಎನ್ನುವುದು ಎಷ್ಟು ಸರಿ?

ವಿದ್ಯಾನಗರದ ನೋಡುಗ, ದಾವಣಗೆರೆ:

ಇಂಡೋನೇಷ್ಯಾದ ‘ದಿ ರೇಡ್’ ಚಿತ್ರವನ್ನು ನಮ್ಮ ಗೆಳೆಯರ ಬಳಗ ಒಟ್ಟಿಗೆ ಕುಳಿತು ನೋಡಿತು. ಅಂದಿನಿಂದ ಬಳಗದಲ್ಲಿ ಎರಡು ಪಕ್ಷಗಳಾಗಿವೆ. ಚಿತ್ರ ಬಂದದ್ದು 2011ರಲ್ಲಿ. ನಿರ್ದೇಶಕ ಗ್ಯಾರೆತ್ ಇವಾನ್ಸ್ ವೇಲ್ಸ್‌ನವರಾದರೂ ನಟರು, ಮಾತು, ಹೊಡೆದಾಟದ ವಿದ್ಯೆ ಎಲ್ಲವೂ ಇಂಡೋನೇಷ್ಯಾದವೇ. ತಗುಲಿದ ಖರ್ಚು ಸುಮಾರು 11 ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 5 ಕೋಟಿ ರೂಪಾಯಿಯ ಆಸುಪಾಸು. ನಮ್ಮಲ್ಲಿ ದೊಡ್ಡ ನಾಯಕರೊಬ್ಬರ ಸಂಭಾವನೆಗೇ ಸಾಲದ ಮೊತ್ತವಿದು.

ನೋಡದವರಿಗಾಗಿ ಎರಡು ಮಾತು: ಜಕಾರ್ತಾದ ಹಳೆಯ ಬಹುಮಹಡಿ ಕಟ್ಟಡವೊಂದರ ಮೇಲಿನ ಅಂತಸ್ತಿನಲ್ಲಿ ಮಾದಕ ವಸ್ತುಗಳ ದಂಧೆಯ ದೊರೆ ತಾಮಾ ಬೀಡುಬಿಟ್ಟಿದ್ದಾನೆ. ಅವನನ್ನು ಹಿಡಿಯಲು ಪೊಲೀಸ್ ತುಕಡಿಯೊಂದು ಒಳನುಗ್ಗಿ, ನಡುವಿನ ಮಹಡಿಗಳಲ್ಲಿ ಸಿಕ್ಕಿಬೀಳುತ್ತದೆ. ಈ ಪೊಲೀಸರನ್ನು ಮುಗಿಸಿದವರು ಇನ್ನು ಬಾಡಿಗೆ ಕೊಡಬೇಕಿಲ್ಲ ಎಂದು ತಾಮಾ ಧ್ವನಿವರ್ಧಕದಲ್ಲಿ ಸಾರುತ್ತಾನೆ. ಅಲ್ಲಿಂದ ಮುಂದೆ ಹೊಡೆದಾಟವೇ ಹೊಡೆದಾಟ.

ಇದು ಕಥೆಯೇ ಅಲ್ಲ, ಸಾಹಸ ದೃಶ್ಯಗಳನ್ನು ಸಾಲಾಗಿ ಜೋಡಿಸಿದ್ದಾರೆ ಎಂಬುದು ಒಂದು ಪಕ್ಷದ ವಾದ. ಇನ್ನೊಂದು ಪಕ್ಷದವರಿಗೆ ಆ ಸಾಹಸವೇ ಸಾಕಾಗಿದೆ. ನಾನು ಎರಡರಲ್ಲೂ ಪೂರ್ತಿಯಾಗಿ ಇಲ್ಲ. ಹತ್ತು ಪಟ್ಟು ಹಣ ಸುರಿದ ಚಿತ್ರಗಳಲ್ಲೂ ಹುಸಿಯಾಗಿ ಕಾಣುವ ಹೊಡೆತ ಇಲ್ಲಿ ಮೈ ಜುಮ್ಮೆನ್ನಿಸುವುದಕ್ಕೆ ಕಾರಣವೇನು, ಮತ್ತು ಕಥೆ ತೆಳುವಾಗಿರುವುದನ್ನು ಈ ಬಗೆಯ ಚಿತ್ರದಲ್ಲಿ ದೋಷವೆಂದೇ ಎಣಿಸಬೇಕೇ ಎಂಬುದನ್ನು ನೋಡಿದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ದುರ್ಗದವ, ಚಿತ್ರದುರ್ಗ:

ಕಥೆ ಇಲ್ಲ ಎಂದರೆ ಒಪ್ಪಲಾರೆ, ಕಥೆ ಚಿಕ್ಕದು ಎಂದರೆ ಒಪ್ಪುತ್ತೇನೆ. ಇವಾನ್ಸ್ ಮೊದಲು ಮಾಡಹೊರಟಿದ್ದು ‘ಬೆರಂಡಾಲ್’ ಎಂಬ ಇನ್ನೂ ದೊಡ್ಡ ಚಿತ್ರವನ್ನು. ಅದಕ್ಕೆ ಹಣ ಹೊಂದಲಿಲ್ಲವಾದ್ದರಿಂದ ಒಂದೇ ಕಟ್ಟಡದೊಳಗೆ ಮುಗಿಯುವ ಈ ಕಥೆಯನ್ನು ಬರೆದರು. ಅಂದರೆ ಕಥೆಯನ್ನು ಕಿರಿದುಗೊಳಿಸಿದ್ದು ಕೈಯಲ್ಲಿದ್ದ ಹಣ, ಆದರೆ ಆ ಕಿರಿದಾದ ಜಾಗವನ್ನೇ ಚಿತ್ರದ ಬಲವಾಗಿಸಿಕೊಂಡದ್ದು ನಿರ್ದೇಶಕನ ಜಾಣ್ಮೆ.

ನಮ್ಮ ಊರಿನವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ, ಕೋಟೆ ಹತ್ತಿ ಓಬವ್ವನ ಕಿಂಡಿಯ ಮುಂದೆ ನಿಂತರೆ ಸಾಕು. ಹೈದರಾಲಿಯ ಸೈನಿಕರು ಎಷ್ಟೇ ಮಂದಿಯಿದ್ದರೂ ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತಲೆಯೊಡ್ಡದೆ ಬೇರೆ ದಾರಿಯಿರಲಿಲ್ಲ. ಆದ್ದರಿಂದಲೇ ಒಂದು ಒನಕೆ ಅಷ್ಟು ಕೆಲಸ ಮಾಡಿತೆಂಬ ಮಾತನ್ನು ನಾವು ನಂಬುತ್ತೇವೆ. ಹೊಡೆದಾಟದ ಚಿತ್ರಗಳ ಮೇಲೆ ಪ್ರೇಕ್ಷಕರ ಹಳೆಯ ದೂರೊಂದಿದೆ: ನಾಯಕನನ್ನು ಇಪ್ಪತ್ತು ಮಂದಿ ಸುತ್ತುವರಿದಿದ್ದರೂ ಒಬ್ಬನು ಹೊಡೆತ ತಿಂದು ಬೀಳುವವರೆಗೆ ಉಳಿದವರು ಸುಮ್ಮನೆ ಸುತ್ತುತ್ತಾ ನಿಂತಿರುತ್ತಾರೆ. ಬಯಲಿನಲ್ಲಿ, ಗೋದಾಮಿನಲ್ಲಿ, ಸಂತೆಬೀದಿಯಲ್ಲಿ ಕಾಳಗ ನಡೆದಾಗ ಆ ದೂರು ನ್ಯಾಯವಾದದ್ದೇ. ‘ದಿ ರೇಡ್’ನ ಓಣಿಗಳಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತರೆ ಮೂರನೆಯವನಿಗೆ ಎಡೆಯಿಲ್ಲದಷ್ಟು ಇಕ್ಕಟ್ಟು. ಹಿಂದಿನವನು ಕಾಯುವುದು ನಿರ್ದೇಶಕ ಹೇಳಿದ್ದಕ್ಕಲ್ಲ, ಮುಂದಿನವನ ಬೆನ್ನು ಅಡ್ಡ ಇರುವುದಕ್ಕೆ. ಗೋಡೆ, ಬಾಗಿಲ ಚೌಕಟ್ಟು, ಮೆಟ್ಟಿಲ ಕಟಕಟೆ ಎಲ್ಲವೂ ಆಯುಧಗಳಾಗುತ್ತವೆ.

ಕಥೆಯ ಬಗ್ಗೆ ಇನ್ನೊಂದು ಮಾತು. ಗಾಯಗೊಂಡ ಜೊತೆಗಾರನೊಡನೆ ನಾಯಕ ರಾಮಾ ಗೋಡೆಯ ಹಿಂದಿನ ಸಂದಿಯಲ್ಲಿ ಅಡಗಿರುವಾಗ ಹುಡುಕುತ್ತಾ ಬಂದವನು ಮಚ್ಚನ್ನು ಗೋಡೆಗೆ ಚುಚ್ಚುತ್ತಾನೆ; ಅದರ ಅಲಗು ರಾಮಾನ ಕೆನ್ನೆಯನ್ನು ಸೀಳುತ್ತದೆ. ಮಚ್ಚನ್ನು ಹಿಂದಕ್ಕೆ ಎಳೆಯುವಾಗ ರಕ್ತ ಕಾಣಬಾರದೆಂದು ರಾಮಾ ಅಲಗನ್ನು ತನ್ನ ಕೈಯಿಂದಲೇ ಒರೆಸಿ ಕಳುಹಿಸುತ್ತಾನೆ. ಅವನು ಎಂತಹವನೆಂದು ತಿಳಿಯಲು ನನಗೆ ಅದಕ್ಕಿಂತ ಹೆಚ್ಚಿನ ಸಂಭಾಷಣೆ ಬೇಕೆನಿಸಲಿಲ್ಲ.

ಕತ್ತರಿ ಕೆಲಸದವ, ದಾವಣಗೆರೆ:

ನಾನು ಮದುವೆ ಮತ್ತು ಕಿರುಚಿತ್ರಗಳ ಸಂಕಲನ ಮಾಡುವವನಾದ್ದರಿಂದ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರಿಸುತ್ತೇನೆ. ನಮ್ಮ ಬಹುಪಾಲು ಚಿತ್ರಗಳಲ್ಲಿ ಒಂದು ಗುದ್ದನ್ನು ಕೈ ಎತ್ತುವುದು, ಮುಷ್ಟಿ ಹತ್ತಿರ ಬರುವುದು, ಮುಖ ತಿರುಗುವುದು, ದೂಳು ಏಳುವುದು ಎಂದು ನಾಲ್ಕೈದು ತುಂಡುಗಳಲ್ಲಿ ತೋರಿಸುತ್ತಾರೆ. ಏಕೆಂದರೆ ನಾಯಕನಿಗೆ ಹೊಡೆಯಲು ಬರುವುದಿಲ್ಲ. ಡ್ಯೂಪ್ ಹಾಕಿದ್ದನ್ನೂ ರೋಪ್ ಕಟ್ಟಿ ಎಳೆದದ್ದನ್ನೂ ಮುಚ್ಚಿಡುವ ಹೊಣೆ ಕತ್ತರಿಯ ಮೇಲೆ ಬೀಳುತ್ತದೆ. ಇಲ್ಲಿ ಹಾಗಲ್ಲ. ರಾಮಾನ ಪಾತ್ರದ ಇಕೊ ಉವೈಸ್ ಚಿತ್ರರಂಗಕ್ಕೆ ಬರುವ ಮುನ್ನ ದೂರವಾಣಿ ಕಂಪನಿಯೊಂದರಲ್ಲಿ ಚಾಲಕರಾಗಿದ್ದರು, ಆದರೆ ಚಿಕ್ಕಂದಿನಿಂದ ಇಂಡೋನೇಷ್ಯಾದ ಸಾಂಪ್ರದಾಯಿಕ ಹೊಡೆದಾಟದ ವಿದ್ಯೆಯಾದ ಪೆಂಚಾಕ್ ಸಿಲಾಟ್ ಕಲಿತವರು. ಆ ವಿದ್ಯೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೋದ ಇವಾನ್ಸ್ ಅವರ ಕಣ್ಣಿಗೆ ಬಿದ್ದು, 2009ರ ‘ಮೆರಾಂಟಾವ್’ ಚಿತ್ರದಲ್ಲಿ ನಾಯಕರಾದರು. ಹೊಡೆಯುವವನು ನಿಜವಾಗಿ ಹೊಡೆಯಬಲ್ಲವನಾದರೆ ಕ್ಯಾಮೆರಾ ಸ್ವಲ್ಪ ದೂರ ಸರಿದು ತಲೆಯಿಂದ ಕಾಲಿನವರೆಗೆ ತೋರಿಸಬಹುದು, ಸಂಕಲನಕಾರನೂ ಹೊಡೆತ ತಾಗಿದ ಮೇಲೆ ಕತ್ತರಿಸಬಹುದು.

ಸಂಕಲನವನ್ನೂ ಇವಾನ್ಸ್ ಅವರೇ ಮಾಡಿದ್ದಾರೆ. ಚಿತ್ರೀಕರಣಕ್ಕೆ ಮುಂಚೆಯೇ ನಟರನ್ನು ಕಟ್ಟಿಕೊಂಡು ಕಾಳಗಗಳನ್ನು ಚಿಕ್ಕ ಕ್ಯಾಮೆರಾದಲ್ಲಿ ಹಿಡಿದು, ಜೋಡಿಸಿ, ಯಾವ ಹೊಡೆತ ಯಾವ ಕೋನದಿಂದ ಎಂಬುದನ್ನು ಗೊತ್ತುಮಾಡಿಕೊಂಡಿದ್ದರು. ಹಣ ಕಡಿಮೆಯಿದ್ದವರಿಗೆ ಉಳಿಯುವ ಬಂಡವಾಳ ಸಮಯವೊಂದೇ. ಅದನ್ನು ಅವರು ತಾಲೀಮಿಗೆ ಸುರಿದರು. ನಮ್ಮಲ್ಲಿ ಫೈಟ್ ಮಾಸ್ಟರ್ ಬೆಳಗ್ಗೆ ಸೆಟ್‌ಗೆ ಬಂದು ಅಲ್ಲೇ ನಡೆಗಳನ್ನು ಹೇಳಿಕೊಡುವ ಪದ್ಧತಿ ಇನ್ನೂ ಇದೆ. ಬಂದೂಕುಗಳಲ್ಲೂ ಉಳಿತಾಯವೇ: ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಎಂಬ ಆಟದ ಬಂದೂಕುಗಳನ್ನು ಹಿಡಿಸಿ, ನಳಿಗೆಯ ಬೆಂಕಿಯನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸಿದ್ದಾರೆ. ನೋಡುವಾಗ ಅದು ಯಾರ ಗಮನಕ್ಕೂ ಬರುವುದಿಲ್ಲ.

ಹಾಗೆಂದು ಎಲ್ಲವನ್ನೂ ಹೊಗಳಲಾರೆ. ಮೊದಲ ಗುಂಡಿನ ಕಾಳಗದಲ್ಲಿ ಎಲ್ಲರದೂ ಒಂದೇ ಕಪ್ಪು ಸಮವಸ್ತ್ರ, ಮಸುಕು ಬೆಳಕು, ಅಲುಗಾಡುವ ಕ್ಯಾಮೆರಾ ಸೇರಿಕೊಂಡು ಯಾರು ಸತ್ತರು, ಯಾರು ಉಳಿದರು ಎಂಬುದೇ ತಿಳಿಯುವುದಿಲ್ಲ. ಸಂಗೀತದ ವಿಷಯದಲ್ಲಿ ಎರಡು ಆವೃತ್ತಿಗಳಿವೆ ಎಂಬುದನ್ನೂ ಗಮನಿಸಿ: ಮೂಲ ಚಿತ್ರಕ್ಕೆ ಇಂಡೋನೇಷ್ಯಾದ ಸಂಗೀತಗಾರರದ್ದು, ಅಮೆರಿಕದ ಬಿಡುಗಡೆಗೆ ಲಿಂಕಿನ್ ಪಾರ್ಕ್ ತಂಡದ ಮೈಕ್ ಶಿನೋಡಾ ಮತ್ತು ಜೋಸೆಫ್ ಟ್ರಪನೀಸ್ ಅವರದ್ದು. ಒಬ್ಬರಿಗೆ ಸಂಗೀತ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿದ್ದರೆ ಇಬ್ಬರೂ ಬೇರೆಬೇರೆ ಆವೃತ್ತಿಗಳನ್ನು ನೋಡಿರಬಹುದು.

ವಾಣಿವಿಲಾಸದ ದಂಡೆಯವಳು, ಹಿರಿಯೂರು:

ಇಲ್ಲಿಯವರೆಗೆ ಬರೆದವರೆಲ್ಲರೂ ಕಸುಬಿನ ಅಚ್ಚುಕಟ್ಟುತನವನ್ನು ಹೊಗಳಿದ್ದಾರೆ. ಅದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ನೂರು ನಿಮಿಷಗಳ ಚಿತ್ರದಲ್ಲಿ ಅರ್ಧದಾರಿಗೇ ನನ್ನ ಕಣ್ಣು ದಣಿದಿತ್ತು. ಯಾವುದೇ ಸಾವು ಮುಂದಿನ ಸಾವಿಗಿಂತ ಬೇರೆಯಾಗಿ ಕಾಣದಂತಾಗಿತ್ತು. ಹೆಣ್ಣುಮಕ್ಕಳನ್ನು ನೋಡಿ: ಆರಂಭದಲ್ಲಿ ರಾಮಾನ ಬಸುರಿ ಹೆಂಡತಿ ಒಂದು ಕ್ಷಣ, ನಡುವೆ ಹಾಸಿಗೆ ಹಿಡಿದ ಬಾಡಿಗೆದಾರನ ಹೆಂಡತಿ ಒಂದು ಕ್ಷಣ, ಅಷ್ಟೇ. ಅಷ್ಟು ದೊಡ್ಡ ಕಟ್ಟಡದಲ್ಲಿ ಸಂಸಾರಗಳೇ ಇಲ್ಲವೇ? ಹೆಂಡತಿಗೆ ಔಷಧ ತರಲು ಹೋಗಿದ್ದ ಆ ಬಡ ಬಾಡಿಗೆದಾರ ಜೀವದ ಹಂಗು ತೊರೆದು ಪೊಲೀಸರಿಗೆ ಆಸರೆ ಕೊಡುವ ದೃಶ್ಯವೇ ಇಡೀ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು. ಅಂಥ ಇನ್ನೆರಡು ದೃಶ್ಯಗಳಿಗೆ ಖರ್ಚೇನೂ ಆಗುತ್ತಿರಲಿಲ್ಲ. ಹಾಗಾಗಿ ಹಣ ಇರಲಿಲ್ಲ ಎಂಬ ಸಮರ್ಥನೆಯನ್ನು ಈ ವಿಷಯಕ್ಕೆ ಒಪ್ಪಲಾರೆ.

ದಾಳಿಗೆ ಮೇಲಿನವರ ಅಪ್ಪಣೆಯೇ ಇಲ್ಲ, ಹಿರಿಯ ಅಧಿಕಾರಿ ವಾಹ್ಯುವಿನ ಕೈ ಶುದ್ಧವಿಲ್ಲ ಎಂಬ ಎಳೆಯೂ ಇದೆ. ಅದು ಬೆಳೆಯಬಹುದಾದ ಕಥೆ. ಪ್ರತಿ ಬಾರಿ ಅದು ತಲೆಯೆತ್ತಿದಾಗಲೂ ಯಾರೋ ಬಾಗಿಲು ಒಡೆದುಕೊಂಡು ಬರುತ್ತಾರೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಾಕಬೇಡಿ ಎಂಬುದನ್ನೂ ಸೇರಿಸುತ್ತೇನೆ.

ಮಟ್ಟಿ ಮಣ್ಣು, ದಾವಣಗೆರೆ:

ಮೇಡಂ ಅವರ ಮಾತಿನಲ್ಲಿ ಸತ್ಯವಿದೆ. ಆದರೂ ಒಂದು ಕಾಳಗವನ್ನು ಮಾತ್ರ ಇನ್ನೊಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ತಾಮಾನ ಬಂಟ ‘ಮ್ಯಾಡ್ ಡಾಗ್’ ಪೊಲೀಸ್ ಅಧಿಕಾರಿ ಜಾಕಾನನ್ನು ಬಂದೂಕಿನ ಮುಂದೆ ನಿಲ್ಲಿಸಿ, ಬಳಿಕ ಆ ಬಂದೂಕನ್ನು ಪಕ್ಕಕ್ಕಿಟ್ಟು ಬರಿಗೈಯಲ್ಲಿ ಬಾ ಎನ್ನುತ್ತಾನೆ. ಜಾಕಾನ ಪಾತ್ರದ ಜೋ ತಸ್ಲಿಮ್ ಇಂಡೋನೇಷ್ಯಾದ ರಾಷ್ಟ್ರೀಯ ಜೂಡೋ ತಂಡದಲ್ಲಿದ್ದವರು. ಮ್ಯಾಡ್ ಡಾಗ್ ಆಗಿರುವ ಯಾಯನ್ ರುಹಿಯಾನ್ ಸಿಲಾಟ್‌ನಲ್ಲಿ ಪಳಗಿದವರು, ಇಕೊ ಜೊತೆ ಸೇರಿ ಚಿತ್ರದ ಕಾಳಗಗಳನ್ನು ಸಂಯೋಜಿಸಿದವರೂ ಹೌದು. ಎರಡು ವಿದ್ಯೆಗಳ ಅಂತರ ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಜಾಕಾ ಬಟ್ಟೆ ಹಿಡಿದು ಮೈಯನ್ನು ಎತ್ತಿ ಒಗೆಯಲು ನೋಡಿದರೆ, ಮ್ಯಾಡ್ ಡಾಗ್ ಹಿಡಿತಕ್ಕೆ ಸಿಗದೆ ಒಳಗೆ ನುಗ್ಗಿ ಮೊಣಕೈ, ಮೊಣಕಾಲಿನಿಂದ ಬಡಿಯುತ್ತಾನೆ.

ದುಗ್ಗಮ್ಮನ ಜಾತ್ರೆಯ ಜಂಗೀ ಕುಸ್ತಿ ನೋಡಿ ಬೆಳೆದವರಿಗೆ ಜಾಕಾನ ಆಟ ಬೇಗ ಅರ್ಥವಾಗುತ್ತದೆ, ಆದರೆ ನಮ್ಮ ಮಟ್ಟಿಯಲ್ಲಿ ಹಿಡಿಯಲು ಬಟ್ಟೆಯಿಲ್ಲ, ಗುದ್ದುವಂತಿಲ್ಲ. ಕುತ್ತಿಗೆ, ಸೊಂಟ, ಕಾಲುಗಳಿಗೇ ಪಟ್ಟು ಹಾಕಿ ಬೆನ್ನು ನೆಲಕ್ಕೆ ತಾಗಿಸಬೇಕು. ಸಿಲಾಟ್‌ನಲ್ಲಿ ಚೂರಿಯೂ ಉಂಟು, ಕೀಲು ಮುರಿಯುವುದೂ ಉಂಟು. 2019ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಗರಡಿಯ ಪಟ್ಟುಗಳನ್ನು ಇಷ್ಟು ಶ್ರದ್ಧೆಯಿಂದ, ಪೈಲ್ವಾನರನ್ನೇ ನಟರನ್ನಾಗಿಸಿ, ಕಡಿಮೆ ಖರ್ಚಿನಲ್ಲಿ ತೆಗೆದ ಕನ್ನಡ ಚಿತ್ರ ಬರಲಿ ಎಂಬ ಆಸೆ ನನಗೆ ಬಹಳ ದಿನಗಳಿಂದ ಇದೆ.

ಆದರೆ ಕೊನೆಯ ಕಾಳಗವನ್ನು ನಂಬುವುದು ಕಷ್ಟ. ಒಬ್ಬನು ಇಬ್ಬರೊಡನೆ ಅಷ್ಟು ಹೊತ್ತು ಅದೇ ಬಿರುಸಿನಲ್ಲಿ ಹೋರಾಡಲಾರ. ಮಣ್ಣಿಗಿಳಿದು ಒಂದು ಜೋಡಿ ಹಿಡಿದವನಿಗೆ ಉಸಿರು ಎಷ್ಟು ಬೇಗ ಮುಗಿಯುತ್ತದೆಂದು ಗೊತ್ತಿರುತ್ತದೆ.

ವಿದ್ಯಾನಗರದ ನೋಡುಗ, ದಾವಣಗೆರೆ:

ಎಲ್ಲರಿಗೂ ಧನ್ಯವಾದಗಳು. ಕಿಂಡಿಯ ಮಾತನ್ನು ಬಳಗದಲ್ಲಿ ಓದಿ ಹೇಳಿದೆ; ಕಥೆಯಿಲ್ಲ ಎನ್ನುವ ಪಕ್ಷದವರು ಜಾಗದ ಬಗೆಗಿನ ವಾದವನ್ನು ಒಪ್ಪಿದರು. ಆದರೆ ಮೇಡಂ ಅವರ ಆಕ್ಷೇಪಕ್ಕೆ ಉತ್ತರ ಯಾರಿಂದಲೂ ಬಂದಿಲ್ಲ ಎಂದು ನೆನಪಿಸಿದರು. ಹಣ ಸಿಗದೆ ನಿಂತಿದ್ದ ‘ಬೆರಂಡಾಲ್’ ಮುಂದೆ ಏನಾಯಿತು? ಅದರಲ್ಲಾದರೂ ಕಥೆ ತುಂಬಿಕೊಂಡಿದೆಯೇ?

ದುರ್ಗದವ, ಚಿತ್ರದುರ್ಗ:

ಮೊದಲ ಚಿತ್ರ ಗೆದ್ದ ಮೇಲೆ ಅದೇ ಕಥೆಯನ್ನು ರಾಮಾನ ಪಾತ್ರಕ್ಕೆ ಹೊಂದಿಸಿಕೊಂಡು 2014ರಲ್ಲಿ ‘ದಿ ರೇಡ್ 2’ ಆಗಿ ತೆಗೆದರು. ಎರಡೂವರೆ ಗಂಟೆಯ ಚಿತ್ರ; ಅಪ್ಪ-ಮಗನ ಕಲಹ, ಎರಡು ಭೂಗತ ತಂಡಗಳ ಪೈಪೋಟಿ, ಗುರುತು ಮರೆಸಿಕೊಂಡು ಒಳಸೇರಿದ ಪೊಲೀಸ್ ಎಂದು ಕಥೆ ಬೇಕಾದಷ್ಟಿದೆ. ಸುತ್ತಿಗೆ ಹಿಡಿದು ಕಾದಾಡುವ ಹೆಣ್ಣೊಬ್ಬಳೂ ಇದ್ದಾಳೆ, ಆದರೆ ಅದು ಹಿರಿಯೂರಿನವರ ಆಕ್ಷೇಪಕ್ಕೆ ಸಮಾಧಾನವಾಗದು, ಏಕೆಂದರೆ ಅವಳಿಗೂ ಮಾತಿಲ್ಲ. ನನ್ನ ಮಟ್ಟಿಗೆ ಕಥೆ ಹೆಚ್ಚಿದ ಕಡೆಯಲ್ಲೆಲ್ಲ ಬಿಗಿ ಸಡಿಲವಾಯಿತು. ಮೊದಲನೆಯದನ್ನೇ ಮೇಲೆ ಇಡುತ್ತೇನೆ. ರೋಪ್ ಇಲ್ಲದ ಸಾಹಸವೇ ಬೇಕಿದ್ದರೆ ಟೋನಿ ಜಾ ನಟಿಸಿದ, 2003ರ ಥಾಯ್ಲೆಂಡ್ ಚಿತ್ರ ‘ಓಂಗ್ ಬಾಕ್’ ನೋಡಿ. ಊರಿನ ಬುದ್ಧನ ವಿಗ್ರಹದಿಂದ ಕದ್ದೊಯ್ದ ತಲೆಯನ್ನು ಮರಳಿ ತರುವುದಷ್ಟೇ ಅದರ ಕಥೆ; ಒಂದೇ ಸಾಲಿನದಾದರೂ ಊರಿನವರ ಮುಖಗಳು ಅದರಲ್ಲಿ ಕಾಣುತ್ತವೆ.